ಹಿಂದಿನ ರಸ್ತೆಯವರ ನಾಯಿ ಮಗಳಿಗೆ ಕಚ್ಚಿದೆ, ಪರಿಹಾರ ಕೇಳಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ಮೂರು ವಾರದ ಹಿಂದೆ ನನ್ನ ಒಂಬತ್ತು ವರ್ಷದ ಮಗಳು ಟ್ಯೂಷನ್ ಮುಗಿಸಿಕೊಂಡು ಬರುತ್ತಿದ್ದಳು. ಹಿಂದಿನ ರಸ್ತೆಯ ಒಂದು ಮನೆಯ ಗೇಟು ತೆರೆದಿತ್ತು. ಅವರ ಸಾಕು ನಾಯಿ ಹೊರಗೆ ನುಗ್ಗಿ ಮೊದಲು ಮೀನಖಂಡಕ್ಕೆ, ಅವಳು ಬಿದ್ದ ಮೇಲೆ ಕೆನ್ನೆಗೆ ಕಚ್ಚಿತು. ಖಾಸಗಿ ಆಸ್ಪತ್ರೆಗೆ ಇಲ್ಲಿಯವರೆಗೆ 38,000 ರೂಪಾಯಿ ಖರ್ಚಾಗಿದೆ. ನಾಲ್ಕು ಇಂಜೆಕ್ಷನ್ ಆಯಿತು, ಒಂದು ಬಾಕಿ. ನಾಯಿ ಮನೆಯವರು ಮೊದಲ ದಿನ 2,000 ರೂಪಾಯಿ ಕೊಟ್ಟರು. ಈಗ ಕೇಳಿದರೆ "ನಿಮ್ಮ ಮಗಳು ಓಡಿದ್ದಕ್ಕೇ ಕಚ್ಚಿದ್ದು" ಅನ್ನುತ್ತಾರೆ. ಇನ್ನೂ 5,000 ಕೊಡುತ್ತೇವೆ, ಬಾಂಡ್ ಪೇಪರ್ ಮೇಲೆ ಸಹಿ ಹಾಕಿ ಅನ್ನುತ್ತಿದ್ದಾರೆ. ನಾವು ಪೊಲೀಸ್ ಕಂಪ್ಲೇಂಟ್ ಕೊಟ್ಟಿಲ್ಲ. ಒಂದು ಹಲ್ಲಿನ ಗುರುತಿಗೆ 10,000 ರೂಪಾಯಿ ಸಿಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು, ನಿಜವಾ? ಲೇಟ್ ಆಯಿತಾ?

ಉತ್ತರ: ಲೇಟ್ ಆಗಿಲ್ಲ. ಮೊದಲು ಒಂದು ಮಾತು, ದಯವಿಟ್ಟು ಆ ಬಾಂಡ್ ಪೇಪರ್‌ಗೆ ಸಹಿ ಹಾಕಬೇಡಿ. ಅದರಲ್ಲಿ ಏನು ಬರೆದಿರುತ್ತಾರೆ ಅಂತ ನನಗೆ ಓದದೆಯೇ ಗೊತ್ತು. "ಸದರಿ ವಿಷಯವಾಗಿ ಇನ್ನು ಮುಂದೆ ಯಾವುದೇ ತಂಟೆ ತಕರಾರು ಮಾಡುವುದಿಲ್ಲ" ಅಂತ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ಮಗುವಿನ ಕೆನ್ನೆಯ ಗಾಯ ಹೇಗೆ ಮಾಯುತ್ತದೆ, ಕಲೆ ಉಳಿಯುತ್ತದಾ, ಮುಂದೆ ಪ್ಲಾಸ್ಟಿಕ್ ಸರ್ಜರಿ ಬೇಕಾಗುತ್ತದಾ ಅಂತ ಇವತ್ತು ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ಅದು ಗೊತ್ತಾಗದೆ 5,000ಕ್ಕೆ ಲೆಕ್ಕ ಮುಗಿಸುವುದು ಮಗುವಿಗೆ ಮಾಡುವ ಅನ್ಯಾಯ. ಮೊದಲ ದಿನ ತಗೊಂಡ 2,000ದ ಬಗ್ಗೆ ಯೋಚನೆ ಬೇಡ. ಅದರಿಂದ ನಿಮ್ಮ ಹಕ್ಕೇನೂ ಹೋಗುವುದಿಲ್ಲ, ಕೊನೆಗೆ ಬರುವ ಮೊತ್ತದಲ್ಲಿ ಅಷ್ಟು ಕಳೆಯುತ್ತಾರೆ, ಅಷ್ಟೇ. ಅದನ್ನು ಮುಚ್ಚಿಡಬೇಡಿ, ಎಲ್ಲಾ ಕಡೆ ಸರಿಯಾಗಿ ಹೇಳಿ. ಇನ್ನೂ ಹೇಳಬೇಕೆಂದರೆ, ಅವರು ದುಡ್ಡು ಕೊಟ್ಟಿದ್ದು ಕಚ್ಚಿದ್ದು ತಮ್ಮ ನಾಯಿಯೇ ಅಂತ ಒಪ್ಪಿಕೊಂಡ ಹಾಗೆ. ಫೋನ್‌ಪೇಯಲ್ಲೋ ಗೂಗಲ್‌ಪೇಯಲ್ಲೋ ಕಳಿಸಿದ್ದರೆ ಆ ಸ್ಕ್ರೀನ್‌ಶಾಟ್ ಜೋಪಾನವಾಗಿಡಿ.

ಹಲ್ಲಿನ ಗುರುತಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ವಾರಕ್ಕೆ ಒಬ್ಬರಾದರೂ ನನ್ನನ್ನು ಇದನ್ನು ಕೇಳುತ್ತಾರೆ. ಸುದ್ದಿ ಸುಳ್ಳಲ್ಲ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಕೊಟ್ಟ ತೀರ್ಪು ಅದು. ಒಂದು ಹಲ್ಲಿನ ಗುರುತಿಗೆ ಕನಿಷ್ಠ 10,000, ಮಾಂಸ ಕಿತ್ತು ಬಂದಿದ್ದರೆ ಪ್ರತಿ 0.2 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 20,000 ಅಂತ ಅದರಲ್ಲಿದೆ. ಆದರೆ ಅದು ಪಂಜಾಬ್, ಹರಿಯಾಣ, ಚಂಡೀಗಢಕ್ಕೆ, ಅದೂ ಬೀದಿ ಪ್ರಾಣಿಗಳಿಂದ ಆದ ಹಾನಿಗೆ ಸರ್ಕಾರ ಪರಿಹಾರ ಕೊಡುವ ವಿಷಯಕ್ಕೆ. ನಿಮ್ಮ ಕೇಸಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಒಬ್ಬ ನ್ಯಾಯಾಧೀಶರು ನಾಯಿ ಕಡಿತದ ನೋವನ್ನು ಎಷ್ಟು ಗಂಭೀರವಾಗಿ ನೋಡಿದ್ದಾರೆ ಅಂತ ತೋರಿಸಲು ನಿಮ್ಮ ವಕೀಲರು ಅದನ್ನು ಮುಂದಿಡಬಹುದು. ಹಲ್ಲಿನ ಗುರುತು ಎಣಿಸಿ ಗುಣಿಸಿಕೊಂಡು ಮಾತ್ರ ಕೂರಬೇಡಿ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಮುಂದೆ ಎರಡು ದಾರಿ ಇವೆ, ಎರಡೂ ಒಟ್ಟಿಗೆ ಹೋಗಬಹುದು. ಒಂದು ಪೊಲೀಸ್ ಕೇಸು, ಇನ್ನೊಂದು ಸಿವಿಲ್ ಕೋರ್ಟಿನಲ್ಲಿ ಪರಿಹಾರದ ದಾವೆ. ಜನ ಸಾಮಾನ್ಯವಾಗಿ ಮೊದಲನೆಯದರಿಂದಲೇ ದುಡ್ಡು ಬರುತ್ತೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಪೊಲೀಸ್ ಕೇಸು ಇರುವುದು ಶಿಕ್ಷೆಗೆ, ದಾಖಲೆಗೆ. ಪರಿಹಾರ ಬರುವುದು ಮುಖ್ಯವಾಗಿ ಸಿವಿಲ್ ದಾವೆಯಿಂದ, ಇಲ್ಲವೇ ಅದರ ಭಯದಿಂದ ಆಗುವ ರಾಜಿಯಿಂದ.

2024ರ ಜುಲೈ 1ರಿಂದ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 291ನೇ ಸೆಕ್ಷನ್ ನೋಡಿ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ಬೇಕಾದಷ್ಟು ಎಚ್ಚರ ವಹಿಸದವರಿಗೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಐಪಿಸಿಯಲ್ಲಿ ಇದು 289 ಆಗಿತ್ತು, ದಂಡ ಬರೀ 1,000 ಇತ್ತು. ಇದರ ಜೊತೆಗೆ 125ನೇ ಸೆಕ್ಷನ್ ಕೂಡ ಸೇರಿಸಲು ಕೇಳಿ. ನಿರ್ಲಕ್ಷ್ಯದಿಂದ ಬೇರೆಯವರ ಸುರಕ್ಷತೆಗೆ ಅಪಾಯ ತಂದು ಗಾಯ ಮಾಡಿದ್ದಕ್ಕೆ ಅದು. ನಿಮ್ಮ ಮಗಳ ಕೇಸಿನಲ್ಲಿ ತುಂಬಾ ಮುಖ್ಯವಾದ ಅಂಶ ಇರುವುದು ಇಲ್ಲೇ. ಮುಖದ ಮೇಲೆ ಶಾಶ್ವತವಾಗಿ ಉಳಿಯುವ ವಿಕಾರವನ್ನು ಕಾನೂನು 'ತೀವ್ರ ಗಾಯ' ಅಂತಲೇ ಎಣಿಸುತ್ತದೆ, 116ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ. ಗಾಯಾಳು 15 ದಿನ ತೀವ್ರ ನೋವಿನಲ್ಲಿದ್ದರೂ, ಅಷ್ಟು ದಿನ ಎಂದಿನ ಕೆಲಸ ಮಾಡಲಾಗದಿದ್ದರೂ ಅದು ತೀವ್ರ ಗಾಯವೇ. ಮೊದಲು ಇದು 20 ದಿನ ಇತ್ತು. ತೀವ್ರ ಗಾಯ ಅಂತ ಆದರೆ 125ರ ಅಡಿ ಶಿಕ್ಷೆ 3 ವರ್ಷದವರೆಗೂ ಹೋಗಬಹುದು. ಹಾಗಾಗಿ ಮಗಳು ಎಷ್ಟು ದಿನ ಶಾಲೆಗೆ ಹೋಗಲಿಲ್ಲ ಅಂತ ಶಾಲೆಯಿಂದ ಹಾಜರಾತಿ ಪತ್ರ ಬರೆಸಿಕೊಳ್ಳಿ. ಒಂದು ಹಾಳೆಯ ಕೆಲಸ, ಆದರೆ ಕೇಸಿನ ತೂಕವೇ ಬದಲಾಗುತ್ತದೆ.

ದೂರು ಕೊಡುವಾಗ ಮೂರು ವಾರ ಯಾಕೆ ತಡವಾಯಿತು ಅಂತ ದೂರಿನಲ್ಲೇ ಬರೆಯಿರಿ. ಮಗುವಿನ ಚಿಕಿತ್ಸೆಯಲ್ಲಿ ಓಡಾಡುತ್ತಿದ್ದೆವು, ಖರ್ಚು ಕೊಡುತ್ತೇವೆ ಅಂತ ಅವರು ಹೇಳಿದ್ದನ್ನು ನಂಬಿ ಕಾದೆವು, ಈಗ ಕೈ ಎತ್ತಿದ್ದಾರೆ. ಇದ್ದದ್ದು ಇದ್ದ ಹಾಗೆ ಬರೆದರೆ ಸಾಕು. 291ರ ಅಪರಾಧಕ್ಕೆ ಒಂದು ವರ್ಷದೊಳಗೆ ಕೋರ್ಟ್ ಪ್ರಕರಣವನ್ನು ಪರಿಗಣಿಸಬೇಕು ಅನ್ನುವ ಮಿತಿ ಇದೆ, ನೀವು ಇನ್ನೂ ಒಂದು ತಿಂಗಳೂ ದಾಟಿಲ್ಲ. ಠಾಣೆಯಲ್ಲಿ "ಅಕ್ಕಪಕ್ಕದವರು ತಾನೇ, ಕೂತು ಮಾತಾಡಿಕೊಳ್ಳಿ" ಅಂತ ಹೇಳಿ ಒಂದು ಹಿಂಬರಹ ಕೊಟ್ಟು ಕಳಿಸುವುದು ಮಾಮೂಲು. ಸುಮ್ನೆ ವಾಪಸ್ ಬರಬೇಡಿ. ಇದು ಎಫ್‌ಐಆರ್ ಮಾಡಲೇಬೇಕಾದ ಅಪರಾಧ. ಮಾಡದಿದ್ದರೆ ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಜಿಲ್ಲಾ ಎಸ್‌ಪಿಯವರಿಗೆ ಕಳಿಸಿ. ಆಮೇಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ದೂರಿನ ಸ್ವೀಕೃತಿ ತಗೊಳ್ಳದೆ ಠಾಣೆಯಿಂದ ಹೊರಗೆ ಬರಬೇಡಿ.

ಇಲ್ಲೊಂದು ಎಚ್ಚರಿಕೆ. ಇಂಥ ಕೇಸುಗಳಲ್ಲಿ ಎಷ್ಟೋ ಸಲ ಆರೋಪಿ ಮೊದಲ ತಾರೀಖಿಗೇ ಬಂದು "ತಪ್ಪಾಯಿತು" ಅಂತ ಒಪ್ಪಿಕೊಂಡು ದಂಡ ಕಟ್ಟಿ ಹೋಗುತ್ತಾರೆ. ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮಗಲ್ಲ. ಗಾಯಾಳುವಿಗೆ ಪರಿಹಾರ ಕೊಡಿಸುವ ಅಧಿಕಾರ ಕ್ರಿಮಿನಲ್ ಕೋರ್ಟಿಗೂ ಇದೆ, ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಸೆಕ್ಷನ್‌ನಲ್ಲಿ. ಆದರೆ ಅದನ್ನು ಸರ್ಕಾರಿ ಅಭಿಯೋಜಕರ ಮೂಲಕ ಕೇಳಿಸಬೇಕು, ತಾನಾಗಿ ಬರುತ್ತೆ ಅಂತ ಕಾಯಬಾರದು. ಒಂದು ಲಾಭವಂತೂ ಇದೆ. ಅಲ್ಲಿ ತಪ್ಪು ಒಪ್ಪಿಕೊಂಡ ಆದೇಶದ ದೃಢೀಕೃತ ಪ್ರತಿ ತಗೊಂಡರೆ ಸಿವಿಲ್ ದಾವೆಯಲ್ಲಿ ಅದು ಅವರದೇ ಬಾಯಿಂದ ಬಂದ ಸಾಕ್ಷಿ.

ಸಿವಿಲ್ ದಾವೆಗೆ 3 ವರ್ಷದ ಕಾಲಮಿತಿ ಇದೆ. ಮಗಳು ಅಪ್ರಾಪ್ತೆ ಆದ್ದರಿಂದ ಅವಳ ಹಕ್ಕಿಗೆ ಈ ಲೆಕ್ಕ ಶುರುವಾಗುವುದು 18 ತುಂಬಿದ ಮೇಲೆ. ಹಾಗಂತ ಕಾಯಬೇಡಿ, ಸಾಕ್ಷಿ ಹೇಳುವವರು ಮನೆ ಬದಲಾಯಿಸುತ್ತಾರೆ, ಮರೆಯುತ್ತಾರೆ. ದಾವೆ ಮಗಳ ಹೆಸರಿನಲ್ಲಿ, ಪಾಲಕರಾಗಿ ನಿಮ್ಮ ಮೂಲಕ ಹೋಗುತ್ತದೆ. ಮುಂದೆ ಕೋರ್ಟಿನಲ್ಲಿ ರಾಜಿಯಾದರೂ ಮಗುವಿಗೆ ನಷ್ಟವಿಲ್ಲ ಅಂತ ಖಾತ್ರಿಯಾಗಿ ಕೋರ್ಟ್ ಒಪ್ಪಿಗೆ ಕೊಡಬೇಕು. ಸಾಮಾನ್ಯವಾಗಿ ಮಗುವಿನ ಪಾಲಿನ ದುಡ್ಡನ್ನು 18 ಆಗುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ. ಕೆಲವರಿಗೆ ಇದು ಕಿರಿಕಿರಿ ಅನ್ನಿಸುತ್ತದೆ. ನನಗೆ ಇದು ಸರಿ ಅನ್ನಿಸುತ್ತದೆ, ನೋವು ತಿಂದವಳು ಅವಳು ತಾನೇ.

ಸಿವಿಲ್ ಕೋರ್ಟಿನಲ್ಲಿ ನೀವು ಏನು ತೋರಿಸಬೇಕು? ಎರಡು ವಿಷಯ. ಒಂದು, ಆ ಮನೆಯವರು ನಾಯಿಯನ್ನು ನೋಡಿಕೊಳ್ಳುವುದರಲ್ಲಿ ನಿರ್ಲಕ್ಷ್ಯ ಮಾಡಿದರು. ಇನ್ನೊಂದು, ನಾಯಿ ಹೀಗೆ ಮೇಲೆ ಬೀಳುವ ಸ್ವಭಾವದ್ದು ಅಂತ ಅವರಿಗೆ ಮೊದಲೇ ಗೊತ್ತಿತ್ತು. ಎರಡನೆಯದು ಸಿಕ್ಕರೆ ಕೇಸು ಗಟ್ಟಿ. ಸಿಗದಿದ್ದರೂ ಮೊದಲನೆಯದರ ಮೇಲೆ ನಿಲ್ಲಬಹುದು. ನಿಮ್ಮಲ್ಲಿ ಗೇಟು ತೆರೆದಿತ್ತು, ನಾಯಿಗೆ ಸರಪಳಿ ಇರಲಿಲ್ಲ, ಮಗು ಸಾರ್ವಜನಿಕ ರಸ್ತೆಯಲ್ಲಿತ್ತು. ನಿರ್ಲಕ್ಷ್ಯಕ್ಕೆ ಇದಕ್ಕಿಂತ ಏನು ಬೇಕು?

ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷಿ ನಾವು ಅಂದುಕೊಂಡಷ್ಟು ದೂರ ಇರುವುದಿಲ್ಲ. ಆ ನಾಯಿ ಮೊದಲು ಹಾಲಿನವನಿಗೆ, ಪೇಪರ್ ಹುಡುಗನಿಗೆ, ಗ್ಯಾಸ್ ಸಿಲಿಂಡರ್ ತರುವವರಿಗೆ ಕಚ್ಚಿತ್ತಾ, ಅಟ್ಟಿಸಿಕೊಂಡು ಹೋಗಿತ್ತಾ ಅಂತ ಒಂದು ಸಂಜೆ ರಸ್ತೆಯಲ್ಲಿ ನಾಲ್ಕು ಜನರನ್ನು ವಿಚಾರಿಸಿ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಹಿಂದೆ ಯಾರಾದರೂ "ನಿಮ್ಮ ನಾಯಿ ಕಟ್ಟಿ ಹಾಕಿ" ಅಂತ ಹಾಕಿದ್ದರೆ ಅದೇ ಚಿನ್ನ. ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಅನ್ನುವ ಬೋರ್ಡ್ ಇದೆಯಾ ನೋಡಿ, ಇದ್ದರೆ ರಸ್ತೆಯಲ್ಲಿ ನಿಂತು ಫೋಟೋ ತೆಗೆಯಿರಿ. ಬೋರ್ಡ್ ಹಾಕಿದ್ದೇವೆ, ಇನ್ನು ನಮ್ಮ ಜವಾಬ್ದಾರಿ ಇಲ್ಲ ಅಂತ ಬಹಳ ಮಂದಿ ವಾದ ಮಾಡುತ್ತಾರೆ. ಗೇಟಿನೊಳಗೆ ಹೇಳದೆ ಕೇಳದೆ ನುಗ್ಗಿದವನಿಗೆ ಆ ವಾದ ಸ್ವಲ್ಪ ನಡೆಯಬಹುದು. ರಸ್ತೆಯಲ್ಲಿ ನಡೆದು ಹೋಗುವ ಮಗುವಿಗೆ ನಡೆಯುವುದಿಲ್ಲ. ಅಲ್ಲಿ ಆ ಬೋರ್ಡ್ ಹೇಳುವುದೇ ಬೇರೆ, ನಾಯಿ ಅಪಾಯಕಾರಿ ಅಂತ ಮನೆಯವರಿಗೇ ಗೊತ್ತಿತ್ತು ಅಂತ.

"ಓಡಿದ್ದಕ್ಕೆ ಕಚ್ಚಿತು" ಅನ್ನುವ ಮಾತಿಗೆ ಬೇಜಾರಾಗಬೇಡಿ. ಒಂಬತ್ತು ವರ್ಷದ ಮಗು ಎದುರಿಗೆ ನುಗ್ಗಿ ಬಂದ ನಾಯಿಯನ್ನು ಕಂಡು ಓಡದೆ ಏನು ಮಾಡಬೇಕಿತ್ತು? ದೊಡ್ಡವರಿಂದ ನಿರೀಕ್ಷಿಸುವ ಎಚ್ಚರವನ್ನು ಮಕ್ಕಳಿಂದ ಕೋರ್ಟುಗಳು ನಿರೀಕ್ಷಿಸುವುದಿಲ್ಲ. ಕಲ್ಲು ಹೊಡೆದಿದ್ದರೆ, ಕಟ್ಟಿದ್ದ ನಾಯಿಯನ್ನು ಕೆಣಕಿದ್ದರೆ ಪರಿಹಾರ ಕಡಿಮೆಯಾಗಬಹುದು. ಓಡಿದ್ದಕ್ಕೆ ಆಗುವುದಿಲ್ಲ.

ಇನ್ನು ಕಾಗದ ಪತ್ರ. ಪತ್ರ ಅಂದರೆ ಬರೀ ಬಿಲ್ಲು ಅಲ್ಲ. ಗಾಯ ಎಷ್ಟು ದೊಡ್ಡದಿತ್ತು ಅನ್ನುವುದಕ್ಕಿಂತ, ಅದು ಎಲ್ಲಿ ಹೇಗೆ ಬರೆದಿಟ್ಟಿದೆ ಅನ್ನುವುದರ ಮೇಲೆ ಮೊತ್ತ ನಿಲ್ಲುತ್ತದೆ. ಕೈಯಲ್ಲಿ ಒಳ್ಳೆಯ ಕೇಸಿದ್ದೂ ಒಂದು ಚೀಟಿಯಿಂದ ಸೋತವರನ್ನು ನೋಡಿದ್ದೇನೆ. ಒಬ್ಬ ತಾಯಿ ತಂದ ಓಪಿಡಿ ಚೀಟಿಯಲ್ಲಿ ಇದ್ದದ್ದು "ನಾಯಿ ಕಡಿತ, ಎಡಗಾಲು" ಅಂತ ಇಷ್ಟೇ. ಯಾರ ನಾಯಿ ಇಲ್ಲ, ಎಷ್ಟು ಹೊತ್ತಿಗೆ ಇಲ್ಲ, ಗಾಯದ ಅಳತೆ ಇಲ್ಲ. ಎದುರಿನ ವಕೀಲರು ಮೊದಲ ಪ್ರಶ್ನೆಯೇ ಇದನ್ನು ಕೇಳಿದರು, ಅದು ಬೀದಿ ನಾಯಿ ಯಾಕಾಗಿರಬಾರದು ಅಂತ. ಆ ತಾಯಿ ಸಾಕ್ಷಿ ಕಟ್ಟೆಯಲ್ಲಿ ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಹಾಗಾಗಿ ನಾಳೆಯೇ ಆಸ್ಪತ್ರೆಗೆ ಹೋಗಿ ಮೊದಲ ದಿನದ ಕೇಸ್ ಶೀಟ್‌ನ ಪ್ರತಿ ಕೇಳಿ. ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಾಗಬಹುದಾದ ಗಾಯ ಅಂತ ಆಸ್ಪತ್ರೆ ಮಾಡುವ ದಾಖಲೆ, ಮಾಡಿದ್ದಾರಾ ವಿಚಾರಿಸಿ. ಎಫ್‌ಐಆರ್ ಆದ ಮೇಲೆ ಪೊಲೀಸರು ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ ತರಿಸುತ್ತಾರೆ, ಅದರಲ್ಲಿ ಪ್ರತಿ ಗಾಯದ ಉದ್ದ, ಆಳ, ಜಾಗ ಮತ್ತು 'ಸಾಧಾರಣ'ವೋ 'ತೀವ್ರ'ವೋ ಅಂತ ಇರಬೇಕು. ಲಸಿಕೆ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿಡಿ. ಆ ದಿನ ಅವಳು ಹಾಕಿದ್ದ ಬಟ್ಟೆ ಒಗೆಯದೆ ಉಳಿದಿದ್ದರೆ ಹಾಗೇ ಇಡಿ, ಹಲ್ಲು ತಾಗಿ ಹರಿದ ಬಟ್ಟೆ ಬಹಳ ಮಾತಾಡುತ್ತದೆ. ಕೆನ್ನೆಯ ಫೋಟೋವನ್ನು ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆಯಿರಿ. ಎದುರು ಮನೆಯ ಸಿಸಿ ಕ್ಯಾಮೆರಾದಲ್ಲಿ ಹಳೆಯ ದೃಶ್ಯ ಅಳಿಸಿ ಹೋಗಿರಬಹುದು, ಆದರೂ ಕೇಳಿ ನೋಡಿ. ಸಿಕ್ಕರೆ, ದೃಶ್ಯ ಅಸಲಿ ಅನ್ನುವುದಕ್ಕೆ ಅದನ್ನು ಕೊಟ್ಟವರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುತ್ತದೆ, ವಕೀಲರು ಮಾಡಿಕೊಡುತ್ತಾರೆ. ಆರೋಗ್ಯ ವಿಮೆಗೆ ಕ್ಲೇಮ್ ಹಾಕುವುದಾದರೆ ಅಸಲು ಬಿಲ್ಲುಗಳು ಕಂಪನಿಗೆ ಹೋಗುತ್ತವೆ, ಕಳಿಸುವ ಮೊದಲು ಆಸ್ಪತ್ರೆಯಿಂದ ಸೀಲ್ ಹಾಕಿಸಿದ ಒಂದು ಸೆಟ್ ಜೆರಾಕ್ಸ್ ಇಟ್ಟುಕೊಳ್ಳಿ.

ನಾಯಿಗೆ ರೇಬಿಸ್ ಲಸಿಕೆ ಆಗಿತ್ತಾ, ಪಾಲಿಕೆಯಲ್ಲಿ ನೋಂದಣಿ ಇದೆಯಾ ಅಂತ ಪಾಲಿಕೆಗೇ ಬರೆದು ಕೇಳಿ. ಆ ರಸ್ತೆಯ ಬಗ್ಗೆ ಹಿಂದೆ ಬಂದ ದೂರುಗಳ ವಿವರವನ್ನು ಮಾಹಿತಿ ಹಕ್ಕಿನಲ್ಲಿ ಪಡೆಯಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಯಾವ ತಳಿ ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 23 ತಳಿಗಳನ್ನು ಅಪಾಯಕಾರಿ ಅಂತ ಹೇಳಿ 2024ರ ಮಾರ್ಚ್‌ನಲ್ಲಿ ಕೇಂದ್ರ ಹೊರಡಿಸಿದ್ದ ಸುತ್ತೋಲೆಯನ್ನು ನಮ್ಮ ಹೈಕೋರ್ಟ್ ಏಪ್ರಿಲ್‌ನಲ್ಲೇ ರದ್ದು ಮಾಡಿದೆ. ನಾಯಿ ಯಾವ ತಳಿಯದ್ದಾದರೂ ಗೇಟು ಹಾಕಬೇಕಾದವರು ಮನೆಯವರು.

ಎಷ್ಟು ಕೇಳಬಹುದು ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಅದೇ ಇದೆ ಅಲ್ವಾ? ಈಗಿನ 38,000 ಒಂದು ಭಾಗ ಮಾತ್ರ. ಓಡಾಟದ ಖರ್ಚು, ನೀವು ಕೆಲಸಕ್ಕೆ ಹೋಗದೆ ಕಳೆದುಕೊಂಡ ಸಂಬಳ, ಮುಂದಿನ ಚಿಕಿತ್ಸೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮುಂದಿನ ಚಿಕಿತ್ಸೆಗೆ ಪ್ಲಾಸ್ಟಿಕ್ ಸರ್ಜನ್ ಒಬ್ಬರಿಂದ ಅಂದಾಜು ಪತ್ರ ತಗೊಳ್ಳಿ, ಬಾಯಿ ಮಾತಿನ ಅಂದಾಜಿಗೆ ಬೆಲೆ ಇಲ್ಲ. ಆಮೇಲೆ ನೋವು, ಭಯ, ಮುಖದ ಕಲೆ. ಮಗಳು ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಆ ರಸ್ತೆಯಲ್ಲಿ ಹೋಗಲು ಹೆದರುತ್ತಿದ್ದರೆ ಅದನ್ನು ಮಕ್ಕಳ ವೈದ್ಯರಿಗೆ ಹೇಳಿ, ಅವರು ಚೀಟಿಯಲ್ಲಿ ಬರೆಯಲಿ. ಕೋರ್ಟುಗಳು ಇಂಥ ಲೆಕ್ಕಕ್ಕೆ ರಸ್ತೆ ಅಪಘಾತದ ಕೇಸುಗಳ ಅಳತೆಗೋಲನ್ನೇ ಹೆಚ್ಚಾಗಿ ಹಿಡಿಯುತ್ತವೆ. ಇಷ್ಟೇ ಸಿಗುತ್ತೆ ಅಂತ ಒಂದು ಅಂಕಿ ಹೇಳುವ ವಕೀಲರಿದ್ದರೆ ಅವರನ್ನು ನಂಬಬೇಡಿ.

ನನ್ನ ಸಲಹೆ ಈ ಕ್ರಮದಲ್ಲಿ ಹೋಗಿ ಅಂತ. ಈ ವಾರ ಪೊಲೀಸ್ ದೂರು. ನಂತರ ಒಂದು ಲೀಗಲ್ ನೋಟಿಸ್, ಖರ್ಚಿನ ವಿವರ ಸಮೇತ. ನೋಟಿಸಿಗೆ ಬಗ್ಗದಿದ್ದರೆ ನೇರ ದಾವೆಗೆ ಹೋಗುವ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಕಚೇರಿ ಕೋರ್ಟ್ ಆವರಣದಲ್ಲೇ ಇರುತ್ತದೆ. ದಾವೆಗೆ ಮುಂಚೆಯೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಶುಲ್ಕ ಇಲ್ಲ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ ಇದೆ, ಅದರ ಮೇಲೆ ಅಪೀಲೂ ಇಲ್ಲ. ಕಟ್ಟೆ ಮೇಲೆ ಕೂತು ಬರೆದ ಬಾಂಡ್ ಪೇಪರಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ದಾವೆಯೇ ಹೂಡಬೇಕಾದರೂ ಮಹಿಳೆಯರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ದಾವೆ ವರ್ಷಗಟ್ಟಲೆ ಹಿಡಿಯಬಹುದು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅದಕ್ಕೇ ಲೋಕ ಅದಾಲತ್ ಮೊದಲು ಅನ್ನುತ್ತಿರುವುದು.

ಕಚ್ಚಿದ್ದು ಬೀದಿ ನಾಯಿ ಆಗಿದ್ದರೆ ದಾರಿ ಬೇರೆ. ಓದುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ಚಿಕ್ಕದಾಗಿ ಹೇಳುತ್ತೇನೆ. 2025ರ ನವೆಂಬರ್‌ನಲ್ಲಿ ನಮ್ಮ ಸರ್ಕಾರ ಹೇಳಿರುವ ಪ್ರಕಾರ ಬೀದಿ ನಾಯಿ ಕಚ್ಚಿ ಗಾಯವಾದರೆ 5,000 ರೂಪಾಯಿ, ಅದರಲ್ಲಿ 3,500 ಗಾಯಾಳುವಿಗೆ, 1,500 ಚಿಕಿತ್ಸೆಗೆ ಅಂತ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ಜೀವ ಹೋದರೆ, ರೇಬಿಸ್‌ನಿಂದ ಹೋದರೂ, ಕುಟುಂಬಕ್ಕೆ 5 ಲಕ್ಷ. ಅರ್ಜಿಯನ್ನು ನಿಮ್ಮ ಪಾಲಿಕೆ, ಪುರಸಭೆಯಂಥ ಸ್ಥಳೀಯ ಸಂಸ್ಥೆಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. 3,500 ರೂಪಾಯಿ ಏನಕ್ಕೂ ಸಾಲದು, ಅದನ್ನು ನೇರವಾಗಿಯೇ ಹೇಳುತ್ತೇನೆ. ಸ್ಥಳೀಯ ಸಂಸ್ಥೆಯ ನಿರ್ಲಕ್ಷ್ಯ ಎದ್ದು ಕಾಣುವ ಕೇಸುಗಳಲ್ಲಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬೀದಿ ನಾಯಿಗಳ ದಾಳಿಯಿಂದ ಎರಡು ವರ್ಷದ ಮಗು ತೀರಿಕೊಂಡಾಗ ತಂದೆಗೆ 10 ಲಕ್ಷ ಪರಿಹಾರ ಕೊಡಲು 2022ರಲ್ಲಿ ಹೈಕೋರ್ಟ್ ಆದೇಶ ಮಾಡಿದೆ.

ಇನ್ನೊಂದು ಮಾತು. ಸಿಟ್ಟಿನಲ್ಲಿ ಯಾರಾದರೂ ಆ ನಾಯಿಗೆ ವಿಷ ಹಾಕೋಣ ಅಂದರೆ ತಡೆಯಿರಿ. ಪ್ರಾಣಿಯನ್ನು ಕೊಲ್ಲುವುದಕ್ಕೆ 5 ವರ್ಷದವರೆಗೆ ಜೈಲು ಇದೆ, ಗಾಯಾಳುವಿನ ಮನೆಯವರೇ ಆರೋಪಿಗಳಾಗಿ ನಿಲ್ಲಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತಪ್ಪು ಆ ನಾಯಿಯದಲ್ಲ. ಗೇಟು ತೆರೆದಿಟ್ಟವರದು.

ಕಚ್ಚಿದ ಮೇಲೆ ಹತ್ತು ದಿನ ನಾಯಿ ಆರೋಗ್ಯವಾಗಿದ್ದರೆ ಅದೊಂದು ದೊಡ್ಡ ಸಮಾಧಾನ. ನೀವು ಬರೆದಿದ್ದನ್ನು ನೋಡಿದರೆ ಮಗಳಿಗೆ 0, 3, 7, 14ನೇ ದಿನದ ಡೋಸ್ ಆಗಿವೆ, ಉಳಿದಿರುವುದು 28ನೇ ದಿನದ್ದು, ಅಂದರೆ ಮುಂದಿನ ವಾರ. ನಾಯಿ ಚೆನ್ನಾಗಿದೆ ಅಂತ ನೀವೇ ತೀರ್ಮಾನ ಮಾಡಿ ಅದನ್ನು ಬಿಡಬೇಡಿ, ಬೇಡ ಅನ್ನುವುದಾದರೆ ಡಾಕ್ಟರೇ ಅನ್ನಲಿ. ಠಾಣೆ, ನೋಟಿಸು ಅಂತ ಓಡಾಡುವ ಗಡಿಬಿಡಿಯಲ್ಲಿ ಆ ತಾರೀಖು ಮರೆತು ಹೋಗದಿರಲಿ. ಇಂಜೆಕ್ಷನ್ ಆದ ಮೇಲೆ ಕಾರ್ಡಿನ ಕೊನೆಯ ಚೌಕದಲ್ಲಿ ಸಹಿ, ಸೀಲ್ ಎರಡೂ ಹಾಕಿಸಿಕೊಂಡು ಬನ್ನಿ.